ಇಪ್ಪತ್ತಾರು ಅಂತ ಯಾಕೆ ಬರೆದೆ?

52ರಲ್ಲಿ 38 ಕಳೆದರೆ 14. ಒಬ್ಬ ಹುಡುಗಿ 26 ಅಂತ ಬರೆದಿದ್ದಾಳೆ. ಪಕ್ಕದಲ್ಲಿ ಕೂತ ಹುಡುಗನ ಉತ್ತರ 24. ಇಬ್ಬರ ಪುಸ್ತಕದಲ್ಲೂ ಕೆಂಪು ಶಾಯಿಯಲ್ಲಿ ಇಂಟು ಮಾರ್ಕು. ಇಬ್ಬರಿಗೂ ಒಂದೇ ಮಾತು: "ಇನ್ನೊಂದ್ಸಲ ಮಾಡು."

ಆದರೆ ತಪ್ಪು ಒಂದೇ ಅಲ್ಲ. 2ರಲ್ಲಿ 8 ಹೋಗಲ್ಲ ಅಂತ ಹುಡುಗಿ ತಿರುಗಿಸಿ, 8ರಲ್ಲಿ 2 ಕಳೆದಳು. ಹುಡುಗ ಪಕ್ಕದಿಂದ ಸಾಲ ತಂದು 12ರಲ್ಲಿ 8 ಕಳೆದ. ಸಾಲ ಕೊಟ್ಟ 5 ಈಗ 4 ಆಗಿದೆ ಅನ್ನುವುದನ್ನು ಮರೆತ. ಯಾರೂ ಸುಮ್ನೆ ಗೀಚಿಲ್ಲ. ತಮಗೆ ಗೊತ್ತಿದ್ದ ನಿಯಮವನ್ನು ಶ್ರದ್ಧೆಯಿಂದಲೇ ಪಾಲಿಸಿದ್ದಾರೆ. ನಿಯಮವೇ ತಪ್ಪು, ಅಷ್ಟೇ.

ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಇದನ್ನೇ ಹಿಡಿದು ಪ್ರಬಂಧ ಬರೆದರು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಬಗ್, ಅಂದರೆ ಅಡಗಿ ಕೂತ ದೋಷ, ಇರುವ ಹಾಗೆ ಮಕ್ಕಳ ಲೆಕ್ಕದಲ್ಲೂ ಬಗ್ ಇರುತ್ತದೆ ಎಂದರು. ಅವರ ಕಂಪ್ಯೂಟರ್ ಪ್ರೋಗ್ರಾಮಿನ ಹೆಸರೇ 'ಬಗ್ಗಿ'.

ಇಲ್ಲಿ ಮುಂದಿನ ಪ್ರಶ್ನೆ ಯಾವುದು ಅನ್ನುವುದೇ ಜಾಣತನ. 71ರಲ್ಲಿ 46 ಕಳೆಯಿರಿ ಅಂತ ಕೇಳಿದರೆ ಇಬ್ಬರೂ 35 ಅಂತಾರೆ. ಯಾರ ಬಗ್ ಯಾವುದು ಅಂತ ಗೊತ್ತಾಗಲ್ಲ. ಬೇಕಿದ್ದರೆ ಕಾಗದದ ಮೇಲೆ ಮಾಡಿ ನೋಡಿ. 63ರಲ್ಲಿ 27 ಕೇಳಿದರೆ ಹುಡುಗಿ 44 ಅಂತಾಳೆ, ಹುಡುಗ 46 ಅಂತಾನೆ. ಸಿಕ್ಕಿಬಿದ್ದರು! ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಇಂಥ ಪ್ರಶ್ನೆ ಹುಡುಕುತ್ತಾ ಕೂರಲು ಯಾವ ಟೀಚರ್‌ಗೆ ಪುರುಸೊತ್ತಿದೆ? ಕಂಪ್ಯೂಟರಿಗಿದೆ. ಲೆಕ್ಕ ಕಲಿಸುವ ಪ್ರೋಗ್ರಾಮುಗಳ ಬಣ್ಣದ ಚಿತ್ರ, ಚಪ್ಪಾಳೆ ಸದ್ದು, ಚಿನ್ನದ ನಕ್ಷತ್ರ ಎಲ್ಲ ನನಗೆ ಅಲಂಕಾರವಾಗಿಯೇ ಕಾಣುತ್ತವೆ. ಅಸಲಿ ಕೆಲಸ ಇದು.

ಸರಿ ಉತ್ತರವನ್ನೂ ಯಂತ್ರ ಪೂರ್ತಿ ನಂಬುವುದಿಲ್ಲ. 1995ರಲ್ಲಿ ಸಂಶೋಧಕರಾದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ ಇದಕ್ಕೊಂದು ಲೆಕ್ಕ ಕೊಟ್ಟರು. ಮಗುವಿಗೆ ವಿಷಯ ಗೊತ್ತಿರುವ ಸಾಧ್ಯತೆ ಶೇ. 50 ಅಂದುಕೊಳ್ಳಿ. ಗೊತ್ತಿಲ್ಲದೆಯೂ ಊಹೆಯಿಂದ ಸರಿ ಬರುವ ಸಾಧ್ಯತೆ ಶೇ. 25, ಗೊತ್ತಿದ್ದೂ ಕೈತಪ್ಪುವುದು ಶೇ. 10. ಉತ್ತರ ಸರಿಯಾದರೆ ಆ 50 ಏರಿ 78 ಆಗುತ್ತದೆ, 100 ಅಲ್ಲ. ತಪ್ಪಾದರೆ ಸುಮಾರು 12ಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಮಗು ಏನಾದರೂ ಕಲಿತಿರಬಹುದಲ್ವಾ, ಅದಕ್ಕೂ ಸ್ವಲ್ಪ ಸೇರಿಸುತ್ತಾರೆ. ಹೀಗೆ ಪ್ರತಿ ಉತ್ತರಕ್ಕೂ ಅಂದಾಜು ತಿದ್ದುತ್ತಾ, ಅದು ಸಾಕಷ್ಟು ಮೇಲೇರಿದ ಮೇಲೆ, ಬಹಳ ಕಡೆ 95 ದಾಟಿದ ಮೇಲೆ, ಮುಂದಿನ ಪಾಠ.

ಮಕ್ಕಳೇನು ಕಡಿಮೆಯೇ? ಸುಳಿವಿನ ಬಟನ್ ಒತ್ತುತ್ತಾ ಹೋದರೆ ಕೊನೆಗೆ ಉತ್ತರವೇ ಬರುತ್ತದೆ ಅಂತ ಬೇಗ ಕಂಡುಕೊಳ್ಳುತ್ತಾರೆ. ಟಕ್ ಟಕ್ ಟಕ್, ಉತ್ತರ ಸಿಕ್ಕಿತು. ಅದಕ್ಕೇ ಕೆಲವು ಪ್ರೋಗ್ರಾಮುಗಳು ಗಡಿಯಾರವನ್ನೂ ನೋಡುತ್ತವೆ. ಪ್ರಶ್ನೆ ಓದಲೂ ಸಾಲದ ಎರಡೇ ಸೆಕೆಂಡಿನಲ್ಲಿ ಬಟನ್ ಒತ್ತಿದರೆ ಅನುಮಾನ ಪಡುತ್ತವೆ. ಆದರೆ ಲೆಕ್ಕ ಬೇಜಾರಾಯಿತಾ, ಪ್ರಶ್ನೆ ಓದೋಕೇ ಬರಲಿಲ್ಲವಾ, ಆ ಎರಡು ಸೆಕೆಂಡು ಹೇಳುವುದಿಲ್ಲ. ಅದನ್ನು ಕೇಳಬೇಕಾದರೆ ಟೀಚರ್ ಆ ಬೆಂಚಿನ ತನಕ ಹೋಗಬೇಕು.