ಎಡಮುರಿ, ಬಲಮುರಿ: ಬಸವನ ಹುಳುವಿನ ಸುರುಳಿ ಮತ್ತು ಜೀವವಿಕಾಸ

ಜೀವವಿಕಾಸದ ಪಾಠದಲ್ಲಿ ಬಸವನ ಹುಳುವಿನ ಪ್ರಸ್ತಾಪ ಬಂದಾಗ ಸಾಮಾನ್ಯವಾಗಿ ಚಿಪ್ಪಿನ ಬಣ್ಣ ಮತ್ತು ಪಟ್ಟೆಗಳ ಉದಾಹರಣೆಯೇ ಮೊದಲು ಸಿಗುತ್ತದೆ. ಈ ಟಿಪ್ಪಣಿಯಲ್ಲಿ ಅದನ್ನು ಬದಿಗಿಟ್ಟು, ಚಿಪ್ಪು ಯಾವ ಕಡೆಗೆ ಸುತ್ತಿಕೊಂಡಿದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡೋಣ. ತಾಯಿಯ ಜೀನು, ಭ್ರೂಣದ ಬೆಳವಣಿಗೆ, ಜೊತೆಗಾರನ ಆಯ್ಕೆ, ಬೇಟೆಗಾರನ ಹಲ್ಲು ಇವೆಲ್ಲವೂ ಈ ಒಂದು ಲಕ್ಷಣದಲ್ಲಿ ಬಂದು ಸೇರುವುದರಿಂದ, ವಿಕಾಸ ಹೇಗೆ ನಡೆಯುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪ್ರಾಣಿಶಾಸ್ತ್ರದ ಕ್ರಮದಲ್ಲಿ ಚಿಪ್ಪಿನ ಸುರುಳಿ ಆರಂಭವಾಗುವ ತುದಿಯನ್ನು ಮೇಲಕ್ಕೂ ಬಾಯಿಯನ್ನು ನಮ್ಮ ಕಡೆಗೂ ಮಾಡಿ ಹಿಡಿದಾಗ, ಬಾಯಿ ನಮ್ಮ ಬಲಕ್ಕೆ ಬಂದರೆ ಅದು ಬಲಮುರಿ, ಎಡಕ್ಕೆ ಬಂದರೆ ಎಡಮುರಿ. ಈ ಲೆಕ್ಕದಲ್ಲಿ ಸುರುಳಿ ಚಿಪ್ಪಿನ ಮೃದ್ವಂಗಿಗಳ ಬಹುಪಾಲು ಪ್ರಭೇದಗಳು ಬಲಮುರಿಯವು. ದೇವರ ಮನೆಯಲ್ಲಿಡುವ ಶಂಖವೂ, ಅಂದರೆ ಟರ್ಬಿನೆಲ್ಲಾ ಪೈರಮ್ ಎಂಬ ಕಡಲಜೀವಿಯ ಚಿಪ್ಪೂ, ಹಾಗೆಯೇ. ಆದರೆ ನಮ್ಮ ಸಂಪ್ರದಾಯದಲ್ಲಿ ಅತ್ಯಂತ ಅಪರೂಪವೆಂದು ಪೂಜೆಗೊಳ್ಳುವ ದಕ್ಷಿಣಾವರ್ತ ಶಂಖ ಅಥವಾ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರಜ್ಞರು ಎಡಮುರಿ ಎಂದು ಬರೆಯುತ್ತಾರೆ. ಎರಡೂ ಕಡೆಯವರು ಸರಿಯಾಗಿಯೇ ನೋಡಿದ್ದಾರೆ. ಹಿಡಿಯುವ ರೀತಿಯಷ್ಟೇ ಬೇರೆ. ಶಂಖದ ಉದ್ದನೆಯ ಕೊಳವೆಯಂಥ ತುದಿಯನ್ನು ಮೇಲಕ್ಕೆ ಮಾಡಿದರೆ ಬಾಯಿ ಕಾಣುವ ಪಕ್ಕ ಬದಲಾಗುತ್ತದೆ, ಸುರುಳಿಯ ಗುಣ ಮಾತ್ರ ಬದಲಾಗುವುದಿಲ್ಲ. ಮುಂದೆ ಎಲ್ಲೆಡೆ ನಾನು ಪ್ರಾಣಿಶಾಸ್ತ್ರದ ಅರ್ಥದಲ್ಲಿಯೇ ಈ ಪದಗಳನ್ನು ಬಳಸುತ್ತೇನೆ.

ಈಗ ಅನುವಂಶೀಯತೆಗೆ ಬರೋಣ. ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿಯೇ. ರೋಗಶಾಸ್ತ್ರಜ್ಞ ಆರ್ಥರ್ ಬಾಯ್ಕಾಟ್ ಮತ್ತು ಬ್ರಿಟಿಷ್ ಸಂಸತ್ತಿನ ಕಚೇರಿಯಲ್ಲಿ ಕೆಲಸದಲ್ಲಿದ್ದ ಸಿರಿಲ್ ಡೈವರ್ ಇಬ್ಬರೂ ಸೇರಿ ಲಿಮ್ನಿಯಾ ಎಂಬ ಕೊಳದ ಬಸವನ ಹುಳುಗಳನ್ನು ತಲೆಮಾರುಗಟ್ಟಲೆ ಸಾಕಿ, 1923ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದು ತಾಯಿಯ ಮರಿಗಳೆಲ್ಲ ಸಾಮಾನ್ಯವಾಗಿ ಒಂದೇ ಕಡೆಗೆ ಸುತ್ತಿಕೊಂಡಿರುತ್ತಿದ್ದವು, ಮೆಂಡೆಲ್ ಹೇಳಿದ 3:1 ಅನುಪಾತ ನಿರೀಕ್ಷಿಸಿದ ತಲೆಮಾರಿನಲ್ಲಿ ಕಾಣುತ್ತಿರಲಿಲ್ಲ. ಅದೇ ವರ್ಷ ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟೆವಾಂಟ್ ಒಂದು ಪುಟ್ಟ ಬರಹದಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಮರಿಯ ಸುರುಳಿಯನ್ನು ನಿರ್ಧರಿಸುವುದು ತಾಯಿಯಲ್ಲಿರುವ ಜೀನುಗಳು. ಮರಿಯ ಸ್ವಂತ ಜೀನುಗಳಿಗೆ ಅದರ ಮೇಲೆ ಅಧಿಕಾರವಿಲ್ಲ, ಅವುಗಳ ಮಾತು ನಡೆಯುವುದು ಅದರ ಮುಂದಿನ ಸಂತಾನದಲ್ಲಿ.

ಇದನ್ನು ಕಾಗದದ ಮೇಲೆ ಬರೆದು ನೋಡಿ. ಬಲಮುರಿಯ ಜೀನನ್ನು 'ಬ' ಎಂದೂ ಎಡಮುರಿಯದನ್ನು 'ಎ' ಎಂದೂ ಕರೆಯೋಣ. ಪ್ರತಿ ಹುಳುವಿನಲ್ಲಿ ಈ ಜೀನಿನ ಎರಡು ಪ್ರತಿಗಳಿರುತ್ತವೆ; 'ಬ' ಪ್ರಬಲ, ಅಂದರೆ ಎರಡೂ ಜೊತೆಗಿದ್ದಾಗ ನಡೆಯುವುದು 'ಬ'ದ ಮಾತು. 'ಎಎ' ತಾಯಿಗೆ 'ಬಬ' ತಂದೆಯಿಂದ ಹುಟ್ಟಿದ ಮರಿಗಳೆಲ್ಲ 'ಬಎ' ಆಗಿದ್ದರೂ, ತಾಯಿ 'ಎಎ' ಆದ ಕಾರಣ ಅವೆಲ್ಲವೂ ಎಡಮುರಿ. ಈ ಹುಳುಗಳು ದ್ವಿಲಿಂಗಿಗಳಾದುದರಿಂದ ಒಂಟಿಯಾಗಿ ಇಟ್ಟರೂ ಸ್ವಫಲನದಿಂದ ಮೊಟ್ಟೆಯಿಡಬಲ್ಲವು. ಹಾಗೆ ಹುಟ್ಟುವ ಎರಡನೆಯ ತಲೆಮಾರಿನಲ್ಲಿ ನಾಲ್ಕರಲ್ಲೊಂದು ಪಾಲು 'ಎಎ' ಇದ್ದರೂ, ತಾಯಿ 'ಬಎ' ಆದ್ದರಿಂದ ಎಲ್ಲವೂ ಬಲಮುರಿ. ಅವುಗಳನ್ನೂ ಒಂದೊಂದಾಗಿ ಸಾಕಿದರೆ ಮಾತ್ರ, ಮೂರನೆಯ ತಲೆಮಾರಿನಲ್ಲಿ, ಮುಕ್ಕಾಲು ಪಾಲು ತಾಯಂದಿರ ಮರಿಗಳು ಬಲಮುರಿಯಾಗಿಯೂ ಕಾಲು ಪಾಲು ತಾಯಂದಿರ ಮರಿಗಳು ಎಡಮುರಿಯಾಗಿಯೂ ಹುಟ್ಟುತ್ತವೆ. ಈ ಲಕ್ಷಣ ಮೆಂಡೆಲ್‌ನ ನಿಯಮವನ್ನು ಮೀರುತ್ತದೆ ಎಂದು ಬರೆಯುವುದು ತಪ್ಪು; ಅದು ನಿಯಮವನ್ನು ಒಂದು ತಲೆಮಾರು ತಡವಾಗಿ ಪಾಲಿಸುತ್ತದೆ. ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆ: ಲಿಮ್ನಿಯಾದಲ್ಲಿ ಒಂದು ಎಡಮುರಿ ಹುಳು ಸಿಕ್ಕಿದರೆ ಅದರ ಜೀನುಗಳ ಬಗ್ಗೆ ಏನು ಹೇಳಬಹುದು? ಅದರ ತಾಯಿ 'ಎಎ' ಆಗಿರಲೇಬೇಕು, ಆದ್ದರಿಂದ ಅದು 'ಎಎ' ಅಥವಾ 'ಬಎ' ಆಗಿರಬಹುದು, 'ಬಬ' ಆಗಿರಲಾರದು. ಬಲಮುರಿ ಹುಳುವಾದರೆ ಮೂರರಲ್ಲಿ ಯಾವುದೂ ಆಗಿರಬಹುದು.

ತಾಯಿಯ ಅಧಿಕಾರ ಮರಿಗೆ ತಲುಪುವುದು ಮೊಟ್ಟೆಯ ಮೂಲಕ. ಮೊಟ್ಟೆಯ ಕೋಶರಸದಲ್ಲಿ ತಾಯಿ ತುಂಬಿಟ್ಟ ಪದಾರ್ಥಗಳೇ ಭ್ರೂಣದ ಮೊದಲ ವಿಭಜನೆಗಳನ್ನು ನಡೆಸುತ್ತವೆ. ನಾಲ್ಕು ಕೋಶಗಳು ಎಂಟಾಗುವಾಗ ಮೇಲಿನ ಸಣ್ಣ ಕೋಶಗಳು ಕೆಳಗಿನವುಗಳ ಮೇಲೆ ನೇರವಾಗಿ ಕೂರದೆ ಒಂದು ಪಕ್ಕಕ್ಕೆ ತಿರುಗಿಕೊಳ್ಳುತ್ತವೆ, ಆ ತಿರುವೇ ಮುಂದೆ ಇಡೀ ದೇಹದ ತಿರುವಾಗುತ್ತದೆ. 1982ರಲ್ಲಿ ಫ್ರೀಮನ್ ಮತ್ತು ಲುಂಡೀಲಿಯಸ್ ಬಲಮುರಿ ಮೊಟ್ಟೆಯ ಕೋಶರಸವನ್ನು ಎಡಮುರಿ ಮೊಟ್ಟೆಗೆ ಚುಚ್ಚಿ ಅದರ ತಿರುವನ್ನು ಬಲಕ್ಕೆ ಬದಲಿಸಿದರು. 2009ರಲ್ಲಿ ಜಪಾನಿನ ಕುರೋಡಾ ಮತ್ತು ಸಂಗಡಿಗರು ಇನ್ನೂ ಸರಳವಾದ ಕೆಲಸ ಮಾಡಿದರು: ಆ ಹಂತದಲ್ಲಿ ಕೋಶಗಳನ್ನು ಗಾಜಿನ ಸೂಕ್ಷ್ಮ ಕಡ್ಡಿಯಿಂದ ಎದುರು ದಿಕ್ಕಿಗೆ ತಳ್ಳಿದರು, ಭ್ರೂಣಗಳು ಬೆಳೆದು ಕನ್ನಡಿಯ ಪ್ರತಿಬಿಂಬದಂಥ ಹುಳುಗಳಾದವು. ಜೀನನ್ನು ಮುಟ್ಟದೆ ಸುರುಳಿಯನ್ನು ತಿರುಗಿಸಿದ ಈ ಪ್ರಯೋಗವನ್ನು ಮೊದಲ ಸಲ ಓದಿದ ದಿನ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ. ಜೀನು ಯಾವುದೆಂಬುದು ಆ ಬಳಿಕ ಖಚಿತವಾಯಿತು. ಕೋಶದೊಳಗಿನ ಎಳೆಗಳನ್ನು ಕಟ್ಟುವ ಫಾರ್ಮಿನ್ ಎಂಬ ಪ್ರೋಟೀನಿನ ಜೀನು ಇದಕ್ಕೆ ಕಾರಣವೆಂದು 2016ರಲ್ಲಿ ತಿಳಿಯಿತು, 2019ರಲ್ಲಿ ಜೀನನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಅದನ್ನು ಕೆಡಿಸಿದಾಗ ಸುರುಳಿ ಎಡಕ್ಕೆ ತಿರುಗಿತು.

ಇನ್ನು ನೈಸರ್ಗಿಕ ಆಯ್ಕೆಯ ಮಾತು. ಸುರುಳಿ ತಿರುಗಿದರೆ ಚಿಪ್ಪಿನೊಂದಿಗೆ ಒಳಗಿನ ಅಂಗಗಳೂ ತಿರುಗುತ್ತವೆ. ಬಲಮುರಿ ಹುಳುವಿನ ಜನನಾಂಗದ ರಂಧ್ರ ತಲೆಯ ಬಲಪಕ್ಕದಲ್ಲಿದ್ದರೆ, ಎಡಮುರಿಯದು ಎಡಪಕ್ಕದಲ್ಲಿರುತ್ತದೆ. ಚಪ್ಪಟೆ ಚಿಪ್ಪಿನ ನೆಲದ ಹುಳುಗಳು ಎದುರುಬದುರಾಗಿ ನಿಂತು ಕೂಡುವುದರಿಂದ, ಬಲಮುರಿಗಳ ನಡುವೆ ಹುಟ್ಟಿದ ಒಂಟಿ ಎಡಮುರಿಗೆ ಜೊತೆ ಸಿಗುವುದು ಬಹಳ ಕಷ್ಟ. ಹಾಗಾದರೆ ಎಡಮುರಿ ಪ್ರಭೇದಗಳು ಹುಟ್ಟಿದ್ದಾದರೂ ಹೇಗೆ? ಇಲ್ಲಿ ಆ ಒಂದು ತಲೆಮಾರಿನ ವಿಳಂಬ ನೆರವಿಗೆ ಬರುತ್ತದೆ. 'ಬಎ' ತಾಯಿಗೆ ಹುಟ್ಟಿದ 'ಎಎ' ಮರಿ ಸ್ವತಃ ಬಲಮುರಿಯಾಗಿದ್ದು, ಸುಲಭವಾಗಿ ಜೊತೆ ಹುಡುಕಿಕೊಳ್ಳುತ್ತದೆ. ಆದರೆ ಅದರ ಮರಿಗಳೆಲ್ಲ ಒಟ್ಟಿಗೆ ಎಡಮುರಿಯಾಗಿ ಹುಟ್ಟುವುದರಿಂದ, ಅವುಗಳಿಗೆ ಕನಿಷ್ಠ ಒಡಹುಟ್ಟಿದವಾದರೂ ಜೊತೆಯಾಗಿರುತ್ತವೆ. 2003ರಲ್ಲಿ ಉಯೆಶಿಮಾ ಮತ್ತು ಅಸಾಮಿ ಜಪಾನಿನ ಯುಹಾದ್ರಾ ಕುಲದ ಹುಳುಗಳನ್ನು ಅಧ್ಯಯನ ಮಾಡಿ, ಒಂದೇ ಜೀನಿನ ಬದಲಾವಣೆಯಿಂದ ಹೊಸ ಪ್ರಭೇದ ಹುಟ್ಟಬಹುದು ಎಂದು ವಾದಿಸಿದರು. ಆದರೆ ಅದೇ ವಿಳಂಬ ಎರಡು ಅಲಗಿನ ಕತ್ತಿ. ಎಡಮುರಿಯ ಜೀನು ಹೊತ್ತ ಬಲಮುರಿ ಹುಳುಗಳೂ ಬಲಮುರಿಯ ಜೀನು ಹೊತ್ತ ಎಡಮುರಿ ಹುಳುಗಳೂ ಇರುವ ತನಕ ಎರಡು ಗುಂಪುಗಳ ನಡುವೆ ಜೀನುಗಳ ಹರಿವು ನಿಲ್ಲುವುದಿಲ್ಲ ಎಂಬುದನ್ನು ಡೇವಿಸನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಸುರುಳಿಯೊಂದೇ ಪ್ರಭೇದವನ್ನು ಪೂರ್ತಿ ಬೇರ್ಪಡಿಸುತ್ತದೆ ಎನ್ನುವುದಕ್ಕಿಂತ ಬೇರ್ಪಡುವಿಕೆಗೆ ಬಾಗಿಲು ತೆರೆಯುತ್ತದೆ ಎಂದು ಬರೆಯುವುದು ಹೆಚ್ಚು ಸರಿಯೆಂದು ನನಗೆ ತೋರುತ್ತದೆ.

ಬೇಟೆಗಾರರೂ ಈ ಲೆಕ್ಕವನ್ನು ಬದಲಿಸುತ್ತಾರೆ. ಜಪಾನಿನ ದಕ್ಷಿಣದ ಇಶಿಗಾಕಿ ಮತ್ತು ಇರಿಯೊಮೊಟೆ ದ್ವೀಪಗಳಲ್ಲಿ ಬಸವನ ಹುಳುಗಳನ್ನೇ ತಿನ್ನುವ ಪಾರಿಯಸ್ ಇವಸಾಕಿ ಎಂಬ ಹಾವಿದೆ. ಅದರ ಕೆಳದವಡೆಯ ಬಲಪಕ್ಕದಲ್ಲಿ ಸುಮಾರು 25 ಹಲ್ಲುಗಳಿದ್ದರೆ ಎಡಪಕ್ಕದಲ್ಲಿರುವುದು ಸುಮಾರು 18. ಬಲಮುರಿ ಹುಳುವಿನ ಮಾಂಸವನ್ನು ಚಿಪ್ಪಿನಿಂದ ಎಳೆದು ತೆಗೆಯಲು ಈ ಅಸಮ ದವಡೆ ಹೇಳಿ ಮಾಡಿಸಿದಂತಿದ್ದು, ಎಡಮುರಿ ಹುಳುವಿನ ಮೇಲೆ ಅದರ ಹಿಡಿತ ಜಾರುತ್ತದೆ. ಹೊಸೊ ಮತ್ತು ಸಂಗಡಿಗರು 2010ರಲ್ಲಿ, ಇಂಥ ಹಾವುಗಳಿರುವ ಪ್ರದೇಶಗಳಲ್ಲಿ ಎಡಮುರಿ ಪ್ರಭೇದಗಳು ಹೆಚ್ಚಾಗಿ ವಿಕಾಸಗೊಂಡಿರುವುದನ್ನು ತೋರಿಸಿದರು. ಜೊತೆ ಸಿಗದ ನಷ್ಟವನ್ನು ಹಾವಿನಿಂದ ಉಳಿದ ಲಾಭ ತುಂಬಿಕೊಡುತ್ತದೆ.

ಕೊನೆಯದಾಗಿ, ಎಲ್ಲ ಎಡಮುರಿಗೂ ಈ ಸೂತ್ರವನ್ನು ಹಚ್ಚುವ ಮೊದಲು ಜೆರೆಮಿಯ ಪ್ರಕರಣವನ್ನು ನೋಡಬೇಕು. ಬಲಮುರಿಯೇ ರೂಢಿಯಾಗಿರುವ ತೋಟದ ಬಸವನ ಹುಳುಗಳಲ್ಲಿ ಲಂಡನ್ನಿನ ಗೊಬ್ಬರದ ರಾಶಿಯೊಂದರಲ್ಲಿ ಸಿಕ್ಕಿದ ಈ ಎಡಮುರಿಯನ್ನು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಆಂಗಸ್ ಡೇವಿಸನ್ ಅವರ ಬಳಿ ತಂದರು, ಮತ್ತು 2016ರಲ್ಲಿ ಅದಕ್ಕೆ ತಕ್ಕ ಜೊತೆ ಬೇಕೆಂದು ಸಾರ್ವಜನಿಕರಿಗೆ ಕರೆ ಕೊಡಲಾಯಿತು. ಇಂಗ್ಲೆಂಡಿನಿಂದ ಒಂದು ಮತ್ತು ಸ್ಪೇನಿನ ಮಯೋರ್ಕಾ ದ್ವೀಪದಿಂದ ಇನ್ನೊಂದು ಎಡಮುರಿ ಹುಳು ಬಂದವು. 2017ರ ಅಕ್ಟೋಬರಿನಲ್ಲಿ ಜೆರೆಮಿ ಸಾಯುವ ಮುಂಚೆ ಅದಕ್ಕೂ ಮಯೋರ್ಕಾದ ಹುಳುವಿಗೂ ಮರಿಗಳಾದವು, ಎಲ್ಲವೂ ಬಲಮುರಿ. ಸ್ಟರ್ಟೆವಾಂಟ್ ಸೂತ್ರದ ಪ್ರಕಾರ ತಾಯಿಯ ಜೀನಿನ ಫಲ ಮುಂದಿನ ತಲೆಮಾರಿನಲ್ಲಿ ಕಾಣಬಹುದೆಂದು ಸಂಶೋಧಕರು ಕಾದರು. ಹಲವು ತಲೆಮಾರು, ಸುಮಾರು 15,000 ಮರಿಗಳನ್ನು ಪರಿಶೀಲಿಸಿದ ಬಳಿಕ 2020ರಲ್ಲಿ ಅವರು ಕೊಟ್ಟ ತೀರ್ಮಾನವೆಂದರೆ, ಈ ಪ್ರಭೇದದಲ್ಲಿ ಎಡಮುರಿ ಬಹುಮಟ್ಟಿಗೆ ಭ್ರೂಣದ ಬೆಳವಣಿಗೆಯಲ್ಲಾದ ಆಕಸ್ಮಿಕ. ಅದು ವಂಶಪಾರಂಪರ್ಯವಾಗಿ ಬರುವುದಿಲ್ಲ. ಹೊರಗಿನ ಚಿಪ್ಪು ನೋಡಿದರೆ ಲಿಮ್ನಿಯಾದ ಎಡಮುರಿಯಂತೆಯೇ ಇದೂ ಕಾಣುತ್ತದೆ. ಮರಿಗಳನ್ನೂ ಮರಿಗಳ ಮರಿಗಳನ್ನೂ ಸಾಕಿ ನೋಡದ ಹೊರತು ಇವೆರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.