ಸೆಕೆಯಿಲ್ಲದ ದಿನವೂ ಸುಡುವ ಬಿಸಿಲು: ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ

ಜನವರಿಯ ಮೆಲ್ಬರ್ನ್. ತಾಪಮಾನ 21 ಡಿಗ್ರಿ, ಸಮುದ್ರದ ಕಡೆಯಿಂದ ತಣ್ಣನೆ ಗಾಳಿ, ಆಕಾಶದಲ್ಲಿ ತೆಳು ಮೋಡ. ಬೆವರಿಲ್ಲ, ನೆತ್ತಿ ಸುಡುವುದಿಲ್ಲ. ಹೊಸಬರು ಹಾಯಾಗಿ ಪಾರ್ಕಿನಲ್ಲಿ ಎರಡು ಗಂಟೆ ಕೂತು ಬರುತ್ತಾರೆ. ಅದೇ ಹೊತ್ತಿನಲ್ಲಿ ಯುವಿ ಇಂಡೆಕ್ಸ್ (ಚರ್ಮ ಸುಡುವ ನೇರಳಾತೀತ ಕಿರಣದ ಜೋರು ಹೇಳುವ ಅಂಕಿ) 10ರ ಆಸುಪಾಸಿನಲ್ಲಿರುತ್ತದೆ. ರಾತ್ರಿ ಭುಜ, ಕತ್ತು ಉರಿಯತೊಡಗಿದಾಗ ಬರುವ ಮೊದಲ ಮಾತು, ‘ಇವತ್ತು ಬಿಸಿಲೇ ಇರಲಿಲ್ಲವಲ್ಲ!’

ಸೆಕೆಯನ್ನು ನೋಡಿ ಬಿಸಿಲಿನ ಜೋರು ಅಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ನಮ್ಮ ಮೈಗೆ ತಿಳಿಯುವುದು ಶಾಖ ಮಾತ್ರ. ಚರ್ಮವನ್ನು ಸುಡುವ ನೇರಳಾತೀತ ಕಿರಣ ಕಣ್ಣಿಗೂ ಕಾಣದು, ಮೈಗೂ ತಾಕಿದಂತೆ ಅನಿಸದು. ಗಾಳಿ ತಂಪಾಗಿದ್ದರೂ ಅದು ಕಡಿಮೆಯಾಗುವುದಿಲ್ಲ, ತೆಳು ಮೋಡದಿಂದಲೂ ಹೆಚ್ಚು ಪಾಲು ಸೋರಿ ಬರುತ್ತದೆ. ಜೊತೆಗೆ, ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, ಅಂದರೆ ದಕ್ಷಿಣಾರ್ಧಗೋಳದ ನಡುಬೇಸಿಗೆಯಲ್ಲಿ. ಇಲ್ಲಿನ ಗಾಳಿಯಲ್ಲಿ ದೂಳು, ಹೊಗೆ ಕಡಿಮೆಯಾದ್ದರಿಂದ ಕಿರಣಗಳಿಗೆ ಅಡ್ಡಿಯೂ ಕಡಿಮೆ.

ಹಾಗಾಗಿ ಮನೆಯಿಂದ ಹೊರಡುವ ಮುನ್ನ ತಾಪಮಾನವನ್ನಲ್ಲ, ಯುವಿ ಇಂಡೆಕ್ಸನ್ನು ನೋಡಬೇಕು. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲೂ ಸನ್‌ಸ್ಮಾರ್ಟ್ ಆ್ಯಪ್‌ನಲ್ಲೂ ನಿಮ್ಮ ಊರಿನ ಅಂಕಿ ಸಿಗುತ್ತದೆ, ಯಾವ ಗಂಟೆಯಿಂದ ಯಾವ ಗಂಟೆವರೆಗೆ ರಕ್ಷಣೆ ಬೇಕೆಂಬುದೂ ಇರುತ್ತದೆ. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು. ಮೆಲ್ಬರ್ನ್‌ನಲ್ಲಿ ಜೂನ್-ಜುಲೈ ತಿಂಗಳಲ್ಲಿ ಅದು ಸಾಮಾನ್ಯವಾಗಿ 3ನ್ನು ಮುಟ್ಟುವುದಿಲ್ಲ. ಉತ್ತರ ತುದಿಯ ಡಾರ್ವಿನ್ ನಗರದಲ್ಲಿ ವರ್ಷವಿಡೀ 3ರ ಮೇಲೆಯೇ. ‘ಹನ್ನೆರಡು ಗಂಟೆ ಬಿಸಿಲು ತಪ್ಪಿಸಿದರೆ ಸಾಕು’ ಎಂಬ ಲೆಕ್ಕವೂ ಇಲ್ಲಿ ಹೊಂದುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಮೆಲ್ಬರ್ನ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಒಂದೂವರೆಗೆ. ಮಧ್ಯಾಹ್ನ ಮೂರಕ್ಕೆ ಮಕ್ಕಳನ್ನು ಶಾಲೆಯಿಂದ ಕರೆತರುವಾಗಲೂ ಬಿಸಿಲು ಇಳಿದಿರುವುದಿಲ್ಲ. ಗಡಿಯಾರ ಬದಲಿಸದ ಬ್ರಿಸ್ಬೇನ್‌ನಲ್ಲಿ ಇದರ ತಿರುವುಮುರುವು: ಬೆಳಿಗ್ಗೆ ಎಂಟರ ವಾಕಿಂಗ್ ಹೊತ್ತಿಗೇ ಇಂಡೆಕ್ಸ್ 3 ದಾಟಿರುತ್ತದೆ. ಫೋನ್ ಕೈಯಲ್ಲಿಲ್ಲದಿದ್ದರೆ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ.

‘ನಮ್ಮದು ಕಂದು ಚರ್ಮ, ಸನ್‌ಸ್ಕ್ರೀನ್ ಬಿಳಿಯರಿಗೆ’ ಎನ್ನುವವರ ಮಾತು ಅರ್ಧ ಸರಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಿಜವಾಗಿಯೂ ಕಾಪಾಡುತ್ತದೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಆ ರಕ್ಷಣೆ ದೊಡ್ಡದೇನಲ್ಲ. ಕಡುಗಪ್ಪು ಚರ್ಮದ್ದೇ ಎಸ್‌ಪಿಎಫ್ (ಸುಡದಂತೆ ಎಷ್ಟು ಕಾಯುತ್ತದೆಂದು ಹೇಳುವ ಅಂಕಿ) 13ರಷ್ಟೆಂದು ಅಂದಾಜು, ನಮ್ಮ ಕಂದಿನದು ಇನ್ನೂ ಕೆಳಗೆ. ಕಂದು ಚರ್ಮ ಸುಟ್ಟಾಗ ಕೆಂಪಗಾಗುವುದು ಎದ್ದು ಕಾಣದು. ಮುಟ್ಟಿದರೆ ಬಿಸಿ, ಬಿಗಿತ, ನವೆ. ಕೆಲ ದಿನ ಬಿಟ್ಟು ಸಿಪ್ಪೆ. ಅದನ್ನು ಎಷ್ಟೋ ಜನ ‘ಒಣಚರ್ಮ’ ಎಂದು ಮಾಯಿಶ್ಚರೈಸರ್ ಹಚ್ಚಿ ಸುಮ್ಮನಾಗುತ್ತಾರೆ. ನಮ್ಮವರಿಗೆ ಹೆಚ್ಚು ಕಾಡುವುದು ಬಂಗು. ಅದನ್ನು ಕೆರಳಿಸುವುದು ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಆದ್ದರಿಂದ ಬಂಗು ಇರುವವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಆರಿಸಬೇಕು. ಸಾದಾ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ಅಷ್ಟಾಗಿ ತಡೆಯದು.

ಸನ್‌ಸ್ಕ್ರೀನ್ ವಿಷಯದಲ್ಲಿ ಬ್ರ್ಯಾಂಡಿನ ಚರ್ಚೆ ಬೇಕಾದಷ್ಟು ನಡೆಯುತ್ತದೆ, ಪ್ರಮಾಣದ ಚರ್ಚೆ ನಡೆಯುವುದೇ ಇಲ್ಲ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ಬಂದಿರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ವಯಸ್ಕರ ಮೈಗೆ ಇದನ್ನು ಟೀಚಮಚದ ಲೆಕ್ಕಕ್ಕೆ ತಂದರೆ: ಮುಖ, ಕಿವಿ, ಕತ್ತಿಗೆ ಸೇರಿ ಒಂದು, ಎರಡು ತೋಳಿಗೆ ಒಂದೊಂದು, ಎರಡು ಕಾಲಿಗೆ ಒಂದೊಂದು, ಎದೆ-ಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಒಟ್ಟು ಏಳು ಚಮಚ, ಸುಮಾರು 35 ಮಿಲಿ. ಬೀಚಿಗೆ ಹೋದ ದಿನ 110 ಮಿಲಿಯ ಟ್ಯೂಬ್ ಒಬ್ಬರಿಗೆ ಮೂರು ಸಲಕ್ಕೆ ಮುಗಿಯಬೇಕು. ಅದು ಇಡೀ ಬೇಸಿಗೆಗೆ ಬಂದಿದ್ದರೆ ನೀವು ಸನ್‌ಸ್ಕ್ರೀನ್ ಹಚ್ಚಿಲ್ಲ, ಸವರಿದ್ದೀರಿ ಅಷ್ಟೆ. ಸ್ಪ್ರೇಯಲ್ಲಿ ಎಷ್ಟು ಮೈಮೇಲೆ ಬಿತ್ತು, ಎಷ್ಟು ಗಾಳಿಗೆ ಹೋಯಿತು ಎಂಬ ಲೆಕ್ಕವೇ ಸಿಗುವುದಿಲ್ಲ. ಅದನ್ನು ಕೊಳ್ಳದಿರುವುದೇ ಒಳ್ಳೆಯದು.

ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ‘ನಾಲ್ಕು ಗಂಟೆ ನೀರಿಗೆ ತಡೆಯುತ್ತದೆ’ ಎಂದು ಬರೆದಿದ್ದರೂ ಟವೆಲ್‌ನಿಂದ ಒರೆಸಿಕೊಂಡ ಮೇಲೆ ಮತ್ತೆ ಹಚ್ಚಲೇಬೇಕು. ಕೈತಪ್ಪುವ ಜಾಗಗಳು ಯಾವಾಗಲೂ ಅವೇ: ಕಿವಿಯ ಅಂಚು, ಹಿಂಗತ್ತು, ಬೈತಲೆ, ಮುಂಗೈ, ಚಪ್ಪಲಿ ಹಾಕಿದಾಗ ತೆರೆದಿರುವ ಪಾದದ ಮೇಲ್ಭಾಗ. ಸೊಳ್ಳೆಯ ಔಷಧವೂ ಬೇಕಿದ್ದರೆ ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆಯದು. ಟ್ಯೂಬನ್ನು ಕಾರಿನಲ್ಲಿ ಬಿಡಬೇಡಿ. 30 ಡಿಗ್ರಿ ದಾಟಿದ ಜಾಗದಲ್ಲಿ ಅದು ಕೆಡುತ್ತದೆ, ಹಿಂಡಿದಾಗ ನೀರು ಬೇರೆ, ಕ್ರೀಮ್ ಬೇರೆಯಾಗಿ ಬಂದರೆ ಎಸೆಯಿರಿ. ಆರು ತಿಂಗಳೊಳಗಿನ ಮಗುವಿಗೆ ನೆರಳು ಮತ್ತು ಬಟ್ಟೆಯನ್ನೇ ನೆಚ್ಚಿಕೊಳ್ಳಬೇಕು.

ನಿಜ ಹೇಳಬೇಕೆಂದರೆ ಬಟ್ಟೆ ಸನ್‌ಸ್ಕ್ರೀನ್‌ಗಿಂತ ಮೇಲು. ಎರಡು ಗಂಟೆಗೊಮ್ಮೆ ನೆನಪಿಡಬೇಕಾಗಿಲ್ಲ. ಒತ್ತು ನೇಯ್ಗೆಯ ತುಂಬುತೋಳಿನ ಅಂಗಿ ಸಾಕು. ತೆಳು ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಮಾತ್ರ ಹೆಚ್ಚು ತಡೆಯದು. ಟೋಪಿಯ ಅಂಚು ದೊಡ್ಡವರಿಗೆ ಕನಿಷ್ಠ 7.5 ಸೆಂಟಿಮೀಟರ್ ಇರಲಿ. ಕ್ರಿಕೆಟ್ ಕ್ಯಾಪ್ ಕಿವಿಯನ್ನೂ ಹಿಂಗತ್ತನ್ನೂ ಮುಚ್ಚುವುದಿಲ್ಲ.

ದಿನವೂ ಗಂಟೆಗಟ್ಟಲೆ ಕಾರು ಓಡಿಸುವವರಲ್ಲಿ ಬಲಗೆನ್ನೆ, ಬಲ ಮುಂಗೈ ಎಡದ್ದಕ್ಕಿಂತ ಕಪ್ಪಾಗಿರುವುದುಂಟು. ಮುಂದಿನ ಗಾಜಿನಲ್ಲಿ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಹೆಚ್ಚುಕಡಿಮೆ ಎಲ್ಲ ನೇರಳಾತೀತ ಕಿರಣವನ್ನೂ ತಡೆಯುತ್ತದೆ. ಪಕ್ಕದ ಗಾಜು ಚರ್ಮ ಸುಡುವ ಯುವಿಬಿ ಕಿರಣವನ್ನು ತಡೆದು, ಚರ್ಮದ ಆಳಕ್ಕಿಳಿದು ಕಪ್ಪಾಗಿಸುವ ಯುವಿಎ ಕಿರಣವನ್ನು ಸಾಕಷ್ಟು ಒಳಬಿಡುತ್ತದೆ. ಸ್ಟಿಯರಿಂಗ್ ಹಿಡಿಯುವ ಮುನ್ನ ಮುಂಗೈಗೂ ಹಚ್ಚಿ.

ಕೆಲವು ಔಷಧಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ: ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್. ಇವನ್ನು ತೆಗೆದುಕೊಳ್ಳುವವರು ಇಂಡೆಕ್ಸ್ 3 ಇದ್ದಾಗಲೂ ಸಡಿಲ ಬಿಡಬಾರದು. ಇನ್ನು ಕಂದು ಚರ್ಮಕ್ಕೆ ವಿಟಮಿನ್ ಡಿ ತಯಾರಿಸಲು ಹೆಚ್ಚು ಬಿಸಿಲು ಬೇಕು ಎಂಬುದೂ ನಿಜ. ಚಳಿಗಾಲದಲ್ಲಿ ಇಂಡೆಕ್ಸ್ 3ಕ್ಕಿಂತ ಕೆಳಗಿದ್ದಾಗ ಮಧ್ಯಾಹ್ನ ತೋಳು ತೆರೆದು ನಡೆದಾಡಿ. ದಿನವಿಡೀ ಒಳಗೇ ಇರುವವರು, ಮೈ ಪೂರ್ತಿ ಮುಚ್ಚುವವರು ಮನೆವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿ. ಅದೇ ಭೇಟಿಯಲ್ಲಿ ಅಂಗಾಲು, ಅಂಗೈ, ಉಗುರನ್ನೂ ತೋರಿಸಿ. ಕಂದು ಚರ್ಮದವರಲ್ಲಿ ಅಪರೂಪಕ್ಕೆ ಮೆಲನೋಮ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಈ ಜಾಗಗಳಲ್ಲೇ. ಅದಕ್ಕೆ ಬಿಸಿಲು ಕಾರಣವಲ್ಲ, ಸನ್‌ಸ್ಕ್ರೀನ್ ಅದನ್ನು ತಡೆಯುವುದೂ ಇಲ್ಲ. ಅಂಗಾಲಿನಲ್ಲಿ ದೊಡ್ಡದಾಗುತ್ತಿರುವ ಕಪ್ಪು ಮಚ್ಚೆ, ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಮುಂದಿನ ವಾರ್ಷಿಕ ತಪಾಸಣೆಗೆ ಕಾಯದೆ ಹೋಗಿ.