ನುಸಿ ಗುಳಿಗೆ ಗುಬ್ಬಿ ಮರಿಗಲ್ಲ

ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಈ ಬೇಸಿಗೆ ಒಂದು ಹಳೆಯ ಮಾಳಿಗೆ ಮನೆ ಕೆಡವಿದರು. ಸಂಜೆ ಜಂತಿ ಇಳಿಸುವಾಗ ಗುಬ್ಬಿ ಗೂಡು ಕೆಳಗೆ ಬಿತ್ತು. ಪಕ್ಕದ ಮನೆಯ ಹುಡುಗ ಅದನ್ನು ಮೊರದಲ್ಲಿಟ್ಟುಕೊಂಡು ಓಡಿ ಬಂದ. ಒಳಗೆ ಎರಡು ಮರಿ. ಪುಕ್ಕ ಮೂಡಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ. ಒಂದರ ರೆಕ್ಕೆಯ ಸಂದಿಯಲ್ಲಿ ಕೆಂಪು ಚುಕ್ಕಿಗಳಿದ್ದವು. ನೋಡನೋಡುತ್ತಲೇ ಚುಕ್ಕಿಗಳು ನಡೆಯತೊಡಗಿದವು.

"ನುಸಿ ರೀ ಅವು. ಡಬ್ಬ್ಯಾಗ ಎರಡು ನುಸಿ ಗುಳಿಗಿ ಹಾಕಿ ಮುಚ್ಚಿಡ್ರಿ. ಮುಂಜಾನಿಗೆ ಒಂದೂ ಉಳಿಯಂಗಿಲ್ಲ" ಎಂದರು ಹುಡುಗನ ಅಜ್ಜಿ.

"ನುಸಿಗಿಂತ ಮೊದ್ಲ ಮರಿ ಸಾಯ್ತಾವಮ್ಮ" ಎಂದೆ. ಅವರು ನಂಬಲಿಲ್ಲ. ಹೆಸರೇ ನುಸಿ ಗುಳಿಗೆ, ಅಲ್ವಾ?

ಗೋಜಲು ಇರುವುದೇ ಆ ಹೆಸರಲ್ಲಿ. ಟ್ರಂಕಿನ ಬಟ್ಟೆ ತಿನ್ನುವ ನುಸಿ ಆರು ಕಾಲಿನ ಕೀಟ. ಹಕ್ಕಿಯ ರಕ್ತ ಹೀರುವ ನುಸಿ ಎಂಟು ಕಾಲಿನ ಜೀವಿ, ಜೇಡ ಮತ್ತು ಉಣ್ಣೆಗಳ ಬಂಧು. ಮೆಣಸಿನಕಾಯಿ ಎಲೆ ಮುರುಟಿಸುವ ನುಸಿಯೂ ಈ ಗುಂಪಿನದೇ. ಹಾಗಂತ ಹೊಲದ ಔಷಧ ತಂದು ಮರಿಗೆ ಹೊಡೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಸೀಮೆಎಣ್ಣೆ, ಕರ್ಪೂರ, ಬೇವಿನೆಣ್ಣೆ ಯಾವುದೂ ಬೇಡ.

ಯಾಕೆ ಅಂದರೆ ಹಕ್ಕಿ ನಮ್ಮ ಹಾಗೆ ಉಸಿರಾಡುವುದಿಲ್ಲ. ನಮ್ಮ ಶ್ವಾಸಕೋಶ ಒಂದೇ ಬಾಯಿಯ ಕೊಡ ಇದ್ದಂತೆ. ಹೋದ ದಾರಿಯಲ್ಲೇ ಗಾಳಿ ಹೊರಗೆ ಬರಬೇಕು. ಎಷ್ಟೇ ಉಸಿರು ಬಿಟ್ಟರೂ ತಳದಲ್ಲಿ ಸ್ವಲ್ಪ ಹಳೆ ಗಾಳಿ ಉಳಿಯುತ್ತದೆ, ಹೊಸ ಗಾಳಿ ಅದರೊಂದಿಗೆ ಬೆರೆಯುತ್ತದೆ. ಹಕ್ಕಿಯದು ತುಂಗಭದ್ರಾ ಕಾಲುವೆ ಇದ್ದಂತೆ. ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ಭಜನೆ ಮೇಳದ ಹಾರ್ಮೋನಿಯಂ ಇನ್ನೂ ಒಳ್ಳೆಯ ಉದಾಹರಣೆ. ಎಡಗೈ ತಿದಿಯನ್ನು ಒತ್ತುತ್ತದೆ, ಬಿಡುತ್ತದೆ. ಆದರೂ ಸ್ವರ ಕಡಿಯುವುದಿಲ್ಲ. ಒಳಗಿನ ಇನ್ನೊಂದು ತಿದಿ ಗಾಳಿ ಕೂಡಿಟ್ಟುಕೊಂಡು ಸಮವಾಗಿ ಬಿಡುತ್ತಿರುತ್ತದೆ. ಹಕ್ಕಿಯ ಮೈಯಲ್ಲೂ ಇಂಥ ತಿದಿಗಳಿವೆ. ಸಾಮಾನ್ಯವಾಗಿ ಒಂಬತ್ತು ಗಾಳಿ ಚೀಲಗಳು. ಮೊದಲ ಸಲ ಒಳಗೆಳೆದ ಗಾಳಿಯಲ್ಲಿ ಹೆಚ್ಚಿನ ಪಾಲು ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಅದು ಶ್ವಾಸಕೋಶ ದಾಟುತ್ತದೆ. ಎರಡನೇ ಸಲ ಎಳೆದಾಗ ಮುಂದಿನ ಚೀಲಗಳಿಗೆ ಬರುತ್ತದೆ. ಮತ್ತೆ ಬಿಟ್ಟಾಗ ಹೊರಗೆ. ಒಂದು ಗುಟುಕು ಗಾಳಿಗೆ ಎರಡು ಉಸಿರು! ರಕ್ತಕ್ಕೂ ಗಾಳಿಗೂ ನಡುವಿನ ಪೊರೆಯಂತೂ ನಮ್ಮದಕ್ಕಿಂತ ಬಹಳ ತೆಳುವು. ಆಕಾಶದಲ್ಲಿ ದಣಿಯದೆ ಹಾರಲು ಈ ಏರ್ಪಾಡು ವರ. ಮುಚ್ಚಿದ ಡಬ್ಬಿಯಲ್ಲಿ ಇದೇ ಮುಳುವು. ವಿಷದ ಹಬೆಯೂ ಅಷ್ಟೇ ಚುರುಕಾಗಿ ರಕ್ತ ಸೇರುತ್ತದೆ.

ಗಣಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಹಟ್ಟಿ ಚಿನ್ನದ ಗಣಿಯ ಹಾಗೆ ನೆಲದೊಳಗೆ ಇಳಿಯುವ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಜನರನ್ನು ಕೊಲ್ಲುತ್ತಿತ್ತು. ಜೊತೆಗೊಂದು ಪುಟ್ಟ ಪ್ರಾಣಿ ಒಯ್ಯಿರಿ ಎಂದು 1890ರ ದಶಕದಲ್ಲಿ ಹೇಳಿದವರು ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಕ್ಯಾನರಿ ಹಕ್ಕಿ ತೂಗಾಡಿ ಬಿದ್ದರೆ ಕಾರ್ಮಿಕರು ಹೊರಗೆ ಓಡುತ್ತಿದ್ದರು. 1986ರಲ್ಲಿ ವಿಷಗಾಳಿ ಪತ್ತೆ ಹಚ್ಚುವ ಯಂತ್ರಗಳು ಬಂದು ಕ್ಯಾನರಿಗಳಿಗೆ ಬಿಡುಗಡೆ ಸಿಕ್ಕಿತು.

ಮತ್ತೆ ಗುಳಿಗೆಗೆ ಬರೋಣ. ಅದರಲ್ಲಿರುವ ನಾಫ್ತಲೀನ್ ಮನುಷ್ಯರ ಕೂಸುಗಳಲ್ಲೇ ಕೆಂಪು ರಕ್ತಕಣ ಒಡೆಯಬಲ್ಲದು. ನುಸಿ ಈಗಾಗಲೇ ಮರಿಯ ರಕ್ತ ಹೀರಿರುತ್ತದೆ. ಉಳಿದದ್ದನ್ನು ನಾವೇ ಹಾಳು ಮಾಡುವುದೇ?

ಮರಿಗೆ ಬೇಕಿರುವುದು ಔಷಧವಲ್ಲ, ಬೇರೆ ಮನೆ. ಕೋಳಿಗೂಡಲ್ಲೂ ಸಿಗುವ ಕೆಂಪು ನುಸಿ ಹಗಲು ಗೂಡಿನ ಕಡ್ಡಿ-ನಾರಿನಲ್ಲಿ ಅಡಗುತ್ತದೆ. ರಾತ್ರಿ ಹೊರಬಂದು ರಕ್ತ ಕುಡಿಯುತ್ತದೆ. ಸೆಕೆಯಲ್ಲಿ ಮೊಟ್ಟೆ ಒಂದೇ ವಾರದಲ್ಲಿ ದೊಡ್ಡ ನುಸಿಯಾಗುತ್ತದೆ. ಉಪವಾಸವಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಹಳೆ ಗೂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದೆ. ಮರುದಿನ ಬಿಸಿಲಿಗಿಟ್ಟೆ. ರಾಯಚೂರಿನ ಬಿಸಿಲು ಉಳಿದ ಕೆಲಸ ಮಾಡಿತು.

ಮರಿಗಳನ್ನು ಬಿಳಿ ಹತ್ತಿ ಬಟ್ಟೆಯ ಮೇಲಿಟ್ಟೆ. ಬಿಳಿ ಯಾಕೆಂದರೆ ಕೆಂಪು ಚುಕ್ಕಿ ಕಾಣಬೇಕು. ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದೆ. ರೆಕ್ಕೆಯ ಸಂದಿ, ಕತ್ತಿನ ಮಡಿಕೆ, ಬಾಲದ ಬುಡದಿಂದ ಒಂದೊಂದೇ ನುಸಿ ಎತ್ತಿದೆ. ಎತ್ತಿದ್ದನ್ನು ಸೋಪಿನ ನೀರಿನ ಬಟ್ಟಲಿಗೆ ಹಾಕಿದೆ. ಸೋಪು ಬಟ್ಟಲಿಗೆ ಮಾತ್ರ, ಮರಿಗಲ್ಲ. ಸ್ನಾನ ಮಾಡಿಸಿದರೆ ತಣ್ಣಗಾಗಿ ಸಾಯುತ್ತವೆ. ಬಾಯಿಗೆ ನೀರು ಬಿಟ್ಟರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಎರಡು ತಾಸಿಗೊಮ್ಮೆ ಬಟ್ಟೆ ಬದಲಿಸಿದೆ. ಮೊದಲ ಬಟ್ಟೆಯಲ್ಲಿ ಹದಿನಾಲ್ಕು ಚುಕ್ಕಿ, ನಾಲ್ಕನೆಯದರಲ್ಲಿ ಎರಡು. ನನ್ನ ಮುಂಗೈಗೂ ಕಚ್ಚಿ ತುರಿಕೆ ಎಬ್ಬಿಸಿದ್ದವು. ಆದರೆ ನಮ್ಮ ಮೈಯಲ್ಲಿ ಅವು ಸಂಸಾರ ಹೂಡಲಾರವು.

ಚಳಿ ದೇಶದ ಪುಸ್ತಕಗಳು ಡಬ್ಬಿಗೆ ಬಲ್ಬ್ ಹಚ್ಚಿ ಎನ್ನುತ್ತವೆ. ನಮ್ಮ ಬೇಸಿಗೆಯಲ್ಲಿ ಹಾಗೆ ಮಾಡಿದರೆ ಮರಿ ಬೆಂದೇ ಹೋಗುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಜಾಸ್ತಿಯಾಗಿದೆ ಎಂದರ್ಥ.

ಬಾಯೊಳಗಿನ ಬಣ್ಣ ಬಿಳಿಚಿದ್ದರೆ ಮಾತ್ರ ತಡ ಮಾಡದೆ ಪಶುವೈದ್ಯರ ಬಳಿ ಹೋಗಿ. ಐವರ್‌ಮೆಕ್ಟಿನ್ ಎಂಬ ಔಷಧವಿದೆ. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ. ದನಕ್ಕೆ ಕೊಡುವ ಇಂಜೆಕ್ಷನ್ನಿನ ಒಂದು ಹನಿಯಲ್ಲಿ 10 ಗ್ರಾಂ ಮರಿಗೆ ಬೇಕಾದದ್ದರ ಸುಮಾರು 250 ಪಟ್ಟು ಇರುತ್ತದೆ. ಕೊಟ್ಟಿಗೆಯ ಬಾಟಲಿಯಿಂದ ಸುಮ್ನೆ ಒಂದು ಹನಿ ಹಾಕೋಣ ಅನ್ನುವ ಹಾಗೇ ಇಲ್ಲ.

ಬೆಳಗ್ಗೆ ಹುಡುಗ ಎಣ್ಣೆ ಡಬ್ಬಿಗೆ ತೂತು ಕೊರೆದು, ಒಳಗೆ ಒಣ ಹುಲ್ಲು ಹಾಸಿ ಮರಿಗಳನ್ನಿಟ್ಟ. ಕೆಡವಿದ ಮನೆಯ ಪಕ್ಕದ ಗೋಡೆಗೆ ನೆರಳಿನಲ್ಲಿ ತೂಗುಹಾಕಿದೆವು. "ಮನುಷ್ಯಾರು ಮುಟ್ಟಿದ್ದನ್ನ ಗುಬ್ಬಿ ಕುಲಕ್ಕ ಸೇರ್ಸಂಗಿಲ್ಲ" ಎಂದು ಅಜ್ಜಿ ಕಟ್ಟೆಯ ಮೇಲೆ ಕೂತರು. ಮುಟ್ಟಿದ ಮಾತ್ರಕ್ಕೆ ಹಕ್ಕಿ ಮರಿಯನ್ನು ಬಿಡುವುದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಅರ್ಧ ತಾಸಿನಲ್ಲಿ ಹೆಣ್ಣು ಗುಬ್ಬಿ ಹಸಿರು ಹುಳ ಕಚ್ಚಿಕೊಂಡು ಬಂದು ಡಬ್ಬಿಯ ಅಂಚಿನಲ್ಲಿ ಕೂತಿತು. ಒಳಗಿನಿಂದ ಚಿಂವ್‌ಗುಟ್ಟುವ ಸದ್ದು ಬಂತು. ಅಜ್ಜಿ ಹುಡುಗನ ಕೈ ಹಿಡಿದು, ಮಾತಾಡಬೇಡ ಎಂದು ಸನ್ನೆ ಮಾಡಿದರು.